‘ಕಾಡಿಗೆ ಬಿಟ್ಟುಬಿಡಿ ಡಾಕ್ಟ್ರೇ’

ಸಾಕಿದ ಮಂಗವನ್ನು ಹಿಡಿದು ತರುವವರ ಮಾತು ಹೆಚ್ಚುಕಡಿಮೆ ಒಂದೇ. “ಮರಿಯಾಗಿದ್ದಾಗ ತುಂಬಾ ಚೆನ್ನಾಗಿತ್ತು ಡಾಕ್ಟ್ರೇ. ಈಗ ಕಚ್ಚುತ್ತೆ. ಕಾಡಿಗೆ ಬಿಟ್ಟುಬಿಡಿ.”

ಹಿಂದಿನ ಕಥೆಯೂ ಒಂದೇ. ತಾಯಿ ಕರೆಂಟ್ ತಂತಿ ತಗುಲಿಯೋ ಗಾಡಿಗೆ ಸಿಕ್ಕಿಯೋ ಸತ್ತಿರುತ್ತದೆ. ಅದರ ಹೊಟ್ಟೆಗೆ ಅವುಚಿಕೊಂಡಿದ್ದ ಮರಿಯನ್ನು ಯಾರೋ ಕನಿಕರದಿಂದ ಎತ್ತಿ ತರುತ್ತಾರೆ. ಬಾಟಲಿ ಹಾಲು, ಬಿಸ್ಕತ್ತು, ಮಗುವಿನ ಅಂಗಿ, ರಾಮು ಎಂಬ ಹೆಸರು. ಪ್ರಾಯ ಬರುತ್ತಿದ್ದಂತೆ ರಾಮು ಮನೆಯವರಲ್ಲಿ ತನಗಿಂತ ಮೇಲಿನವರು ಯಾರು, ಕೆಳಗಿನವರು ಯಾರು ಎಂದು ನೋಡತೊಡಗುತ್ತಾನೆ. ಗುಂಪಿನಲ್ಲಿ ಬದುಕುವ ಪ್ರಾಣಿಗೆ ಅದು ಸಹಜ. ಮೊದಲು ಕಚ್ಚಿಸಿಕೊಳ್ಳುವುದು ಮಕ್ಕಳು. ಅಲ್ಲಿಂದ ಮುಂದೆ ಸೊಂಟಕ್ಕೆ ಹಗ್ಗ, ಹಿತ್ತಲಲ್ಲಿ ಗೂಟ. “ಕೋರೆಹಲ್ಲು ಕಿತ್ತುಕೊಡಿ” ಎಂದು ಕೇಳಿದವರೂ ಇದ್ದಾರೆ. ನಾನು ಕೀಳುವುದಿಲ್ಲ. ಕಿತ್ತರೂ ಉಳಿದ ಹಲ್ಲಲ್ಲೇ ಕಚ್ಚುತ್ತದೆ.

ಆ ಹಗ್ಗವನ್ನು ಹೆಚ್ಚಿನವರು ಮತ್ತೆ ಸಡಿಲಿಸಿರುವುದಿಲ್ಲ. ಮಂಗ ಬೆಳೆದಂತೆ ಅದು ಚರ್ಮದೊಳಕ್ಕೆ ಇಳಿದು, ಮೇಲೆ ಮಾಂಸ ಕೂಡಿಕೊಂಡಿರುತ್ತದೆ. ಅರಿವಳಿಕೆ ಕೊಟ್ಟು ಕೂದಲು ಬೋಳಿಸಿದ ಮೇಲೆಯೇ ಗಾಯದ ಆಳ ತಿಳಿಯುವುದು. ಬಿಸಿಲು ಕಾಣದ ಕೋಣೆಯಲ್ಲಿ ಬೆಳೆದದ್ದಾದರೆ ಕಾಲಿನ ಮೂಳೆ ಬಾಗಿರುತ್ತದೆ, ಎಕ್ಸ್‌ರೇಯಲ್ಲಿ ಮಸುಕಾಗಿ ಕಾಣುತ್ತದೆ. ನಮ್ಮಂತೆ ಮಂಗವೂ ಸಿ ವಿಟಮಿನ್ ಅನ್ನು ಮೈಯಲ್ಲೇ ತಯಾರಿಸಿಕೊಳ್ಳಲಾರದು. ಹಾಲು-ಬಿಸ್ಕತ್ತಲ್ಲೇ ಬೆಳೆದದ್ದರ ವಸಡಿನಲ್ಲಿ ರಕ್ತ ಒಸರುತ್ತದೆ.

ವಿದೇಶಿ ಮಂಗಗಳ ಶೋಕಿಯ ಬಗ್ಗೆ ಇಷ್ಟೇ ಹೇಳುತ್ತೇನೆ: 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿದ, ಬ್ಯಾಂಕಾಕಿನಿಂದ ಬಂದಿದ್ದ ಬ್ಯಾಗಿನಲ್ಲಿ ಹಾವುಗಳ ಜೊತೆ ಆರು ಕಪುಚಿನ್ ಮಂಗಗಳಿದ್ದವು. ಆರೂ ಸತ್ತಿದ್ದವು.

ಇನ್ನು ಕಾಡಿಗೆ ಬಿಡುವ ಮಾತು. ತಲೆಗೆ ಟೋಪಿ ಇಟ್ಟಂತೆ ಕೂದಲಿರುವ ನಮ್ಮೂರ ಕೋತಿಯಲ್ಲಿ ಹೆಣ್ಣು ಸಾಮಾನ್ಯವಾಗಿ ಹುಟ್ಟಿದ ಗುಂಪಿನಲ್ಲೇ ಬಾಳುತ್ತದೆ. ಬೇರೆ ಗುಂಪಿಗೆ ಹೋಗುವುದು ಗಂಡು, ಅದೂ ಎಲ್ಲ ರೀತಿ-ರಿವಾಜು ಕಲಿತ ಮೇಲೆ. ರಾಮುವಿಗೆ ಅದೇನೂ ಗೊತ್ತಿಲ್ಲ. ಗುಂಪಿನವು ಕಚ್ಚಿ ಓಡಿಸುತ್ತವೆ, ಅವನು ನೇರ ಹತ್ತಿರದ ಮನೆಯ ಅಡುಗೆಕೋಣೆಗೆ ನುಗ್ಗುತ್ತಾನೆ. ಮನುಷ್ಯರಿಂದ ಕ್ಷಯ ಅಂಟಿದ್ದರೆ ಅದನ್ನೂ ಕಾಡಿಗೆ ಒಯ್ಯುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸಿಗೆ ಹೆದರಿ ರಾತ್ರೋರಾತ್ರಿ ಘಾಟಿಯಲ್ಲಿ ಬಿಟ್ಟು ಬರುವವರನ್ನು ಬಲ್ಲೆ. ಅರಣ್ಯ ಇಲಾಖೆಗೆ ಒಪ್ಪಿಸಿ; ಬಿಟ್ಟು ಬರುವುದಕ್ಕಿಂತ ಅದು ಮೇಲು.

ಆಶ್ರಯಧಾಮಕ್ಕೆ ಬಂದ ಮಂಗವನ್ನು ಮೊದಲು ಬೇರೆ ಇಡುತ್ತೇವೆ. ಕ್ಷಯದ ಪರೀಕ್ಷೆಗೆ ಕಣ್ಣಿನ ರೆಪ್ಪೆಗೆ ಸಣ್ಣ ಚುಚ್ಚುಮದ್ದು ಕೊಟ್ಟು, 24, 48, 72 ಗಂಟೆಗೆ ಊದಿಕೊಂಡಿದೆಯೇ ಎಂದು ನೋಡುತ್ತೇವೆ. ರೆಪ್ಪೆಯಾದರೆ ಮಂಗವನ್ನು ಮುಟ್ಟದೆ, ದೂರದಿಂದಲೇ ನೋಡಬಹುದು. ಆಮೇಲೆ ನಡುವೆ ಜಾಲರಿಯಿರುವ ಅಕ್ಕಪಕ್ಕದ ಪಂಜರ. ಇಲ್ಲಿ ಅವಸರ ಮಾಡಿದರೆ ಹೊಲಿಗೆ ಹಾಕುವ ಕೆಲಸ ನನಗೇ ಬರುತ್ತದೆ.

ಗೂಟದಲ್ಲಿ ವರ್ಷಗಟ್ಟಲೆ ಕಳೆದ ಗಂಡೊಂದು ಇತ್ತು. ಇಡೀ ದಿನ ತೂಗಾಡುತ್ತಾ, ತನ್ನ ತೋಳನ್ನು ತಾನೇ ಕಚ್ಚಿಕೊಳ್ಳುತ್ತಿತ್ತು. ಪಕ್ಕದ ಪಂಜರದ ಮುದಿ ಹೆಣ್ಣು ಬಂದು ಜಾಲರಿಗೆ ಬೆನ್ನು ಒತ್ತಿ ಕೂತಳು. ಹೇನು ಹೆಕ್ಕು ಎಂದು ಅರ್ಥ. ಅದಕ್ಕೆ ತಿಳಿಯಲಿಲ್ಲ, ಮೂಲೆಗೆ ಸರಿಯಿತು. ಅವಳು ಮರುದಿನವೂ ಬಂದಳು, ಅದರ ಮರುದಿನವೂ. ಎರಡನೇ ವಾರದಲ್ಲಿ ಅದು ಜಾಲರಿಯೊಳಗಿಂದ ಒಂದು ಬೆರಳು ತೂರಿಸಿ ಅವಳ ಕೂದಲು ಬಿಡಿಸಿತು.