ಹೋಸ್ಟಿಂಗ್ ಕಂಪನಿಗೆ ಗ್ರಾಹಕರ ಫೋರಂ ಬೇಕೇ?

ಪ್ರಶ್ನೆ: ಸುಮಾರು 600 ಗ್ರಾಹಕರಿರುವ ಸಣ್ಣ ವೆಬ್ ಹೋಸ್ಟಿಂಗ್ ಸೇವೆ ನಡೆಸುತ್ತಿದ್ದೇನೆ. ಬರುವ ಟಿಕೆಟ್‌ಗಳಲ್ಲಿ (ಗ್ರಾಹಕರ ಸಹಾಯ ಕೋರಿಕೆಗಳಲ್ಲಿ) ಹೆಚ್ಚಿನವು ಅವೇ ಪ್ರಶ್ನೆಗಳು. ಗ್ರಾಹಕರೇ ಒಬ್ಬರಿಗೊಬ್ಬರು ನೆರವಾಗುವಂಥ ಫೋರಂ ತೆರೆದರೆ ಸಪೋರ್ಟ್‌ನ ಹೊರೆ ಇಳಿಯುತ್ತದೆಯೇ?

ಉತ್ತರ: ನೀವು ಕೊಡುತ್ತಿರುವುದು ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರ್‌ನಲ್ಲಿ ಹಲವರ ಸೈಟ್ ಇಡುವ ಸೇವೆ) ಆಗಿದ್ದರೆ ಫೋರಂ ಬೇಡ. ಪ್ರತಿ ಗ್ರಾಹಕರಿಗೂ ಪ್ರತ್ಯೇಕ ವರ್ಚುವಲ್ ಸರ್ವರ್ ಕೊಡುವ ವಿಪಿಎಸ್ ಅಥವಾ ಕ್ಲೌಡ್ ಸರ್ವರ್ ಆಗಿದ್ದು, ಗ್ರಾಹಕರ ಸಂಖ್ಯೆಯೂ ದೊಡ್ಡದಿದ್ದರೆ ತೆರೆಯಬಹುದು. ಆಗಲೂ ಹೊರೆ ಇಳಿಯುತ್ತದೆ ಎಂಬ ಲೆಕ್ಕದಿಂದ ತೆರೆಯಬೇಡಿ. ಎರಡಕ್ಕೂ ಬೇರೆ ಬೇರೆ ಉತ್ತರ ಏಕೆಂದರೆ, ಸರ್ವರ್‌ನ ರೂಟ್ ಅಧಿಕಾರ, ಅಂದರೆ ಪೂರ್ಣ ಹಿಡಿತ, ಶೇರ್ಡ್‌ನಲ್ಲಿ ನಿಮ್ಮ ಕೈಯಲ್ಲಿರುತ್ತದೆ, ವಿಪಿಎಸ್‌ನಲ್ಲಿ ಗ್ರಾಹಕರ ಕೈಯಲ್ಲಿರುತ್ತದೆ.

ಶೇರ್ಡ್ ಹೋಸ್ಟಿಂಗ್‌ನಲ್ಲಿ ಏನಾಗುತ್ತದೆ ನೋಡಿ. ಗ್ರಾಹಕರೊಬ್ಬರ ಸೈಟ್ ತೆರೆದರೆ '500 ಇಂಟರ್ನಲ್ ಸರ್ವರ್ ಎರರ್' ಎಂದು ಬರುತ್ತಿದೆ. ಸೈಟ್‌ನ ಸೆಟ್ಟಿಂಗ್‌ಗಳಿರುವ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಒಂದು ಸಾಲು ತಪ್ಪಿರಬಹುದು, ಸೈಟ್ ಓಡಿಸುವ ಪಿಎಚ್‌ಪಿ ಭಾಷೆಯ ಆವೃತ್ತಿ ಬದಲಾಗಿ ಹಳೆಯ ಪ್ಲಗಿನ್ ಮುರಿದಿರಬಹುದು, ಮೆಮೊರಿ ಮಿತಿ ಮೀರಿರಬಹುದು. ಯಾವುದು ಎಂಬುದು ಎರರ್ ಲಾಗ್‌ನಲ್ಲಿದೆ. ಆ ಲಾಗ್ ನಿಮಗೆ ಕಾಣುತ್ತದೆ, ಖಾತೆಯ ಮಾಲೀಕರಿಗೆ ಅದರ ಒಂದಷ್ಟು ಭಾಗ ಕಾಣಬಹುದು, ಫೋರಂನಲ್ಲಿ ಉತ್ತರಿಸಲು ಕೂತ ಮೂರನೆಯವರಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಅವರು ಊಹಿಸಿ ಹೇಳುತ್ತಾರೆ. 'ಫೈಲ್ ಪರ್ಮಿಷನ್ 777 ಮಾಡಿ ನೋಡಿ' ಎಂಬ ಸಲಹೆ ಇಂಥ ಕಡೆಗಳಲ್ಲೆಲ್ಲ ಓಡಾಡುತ್ತಿರುತ್ತದೆ. ಆ ಫೈಲನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಬಾಗಿಲು ತೆರೆದಿಡುವ ಸಲಹೆ ಅದು. ಎಷ್ಟೋ ಶೇರ್ಡ್ ಸರ್ವರ್‌ಗಳು ಸುರಕ್ಷತೆಗಾಗಿ ಅಂಥ ಫೈಲನ್ನು ಓಡಿಸಲು ಒಪ್ಪುವುದೇ ಇಲ್ಲ. ಪರಿಣಾಮ, ಮತ್ತೊಂದು 500 ಎರರ್. ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆಯಿಂದ ಹುಟ್ಟಿದ ಹೊಸ ಟಿಕೆಟ್ ಕೊನೆಗೆ ನಿಮ್ಮ ಬಳಿಗೇ ಬರುತ್ತದೆ.

ಇಮೇಲ್ ವಿಷಯವಂತೂ ಇನ್ನೂ ಸ್ಪಷ್ಟ. ಒಂದೇ ಸರ್ವರ್‌ನಲ್ಲಿರುವ ಯಾರದೋ ಹ್ಯಾಕ್ ಆದ ಸೈಟ್ ಸ್ಪ್ಯಾಮ್ ಕಳಿಸಿ, ಸರ್ವರ್‌ನ ಐಪಿ ವಿಳಾಸ ಕಪ್ಪುಪಟ್ಟಿಗೆ ಸೇರಿದೆ ಎಂದುಕೊಳ್ಳಿ. ಉಳಿದವರೆಲ್ಲರ ಮೇಲ್‌ಗಳೂ ತಿರಸ್ಕೃತವಾಗುತ್ತವೆ. ಅದನ್ನು ಸರಿಮಾಡಲು ಗ್ರಾಹಕ ಸಮುದಾಯದಲ್ಲಿ ಎಂಥ ಪರಿಣತರಿದ್ದರೂ ಸಾಧ್ಯವಿಲ್ಲ. ಸ್ಪ್ಯಾಮ್ ನಿಲ್ಲಿಸಿ, ಪಟ್ಟಿಯಿಂದ ತೆಗೆಯುವಂತೆ ಕೇಳಬೇಕಾದವರು ನೀವೇ. ನಿಮ್ಮ ಟಿಕೆಟ್‌ಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿ: ಇದಕ್ಕೆ ಇನ್ನೊಬ್ಬ ಗ್ರಾಹಕ ಉತ್ತರ ಕೊಡಲು ಸಾಧ್ಯವಿತ್ತೇ? ಶೇರ್ಡ್ ಹೋಸ್ಟಿಂಗ್‌ನಲ್ಲಿ ಇಲ್ಲ ಎಂಬ ಉತ್ತರವೇ ಹೆಚ್ಚು ಬಂದೀತು.

ವಿಪಿಎಸ್‌ನಲ್ಲಿ ಚಿತ್ರವೇ ಬೇರೆ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಹಾಕುವುದು, ಫೈರ್‌ವಾಲ್ ಬಿಗಿ ಮಾಡುವುದು, ಡೇಟಾಬೇಸ್ ಬ್ಯಾಕಪ್ ತೆಗೆಯುವುದು ಎಲ್ಲ ಗ್ರಾಹಕರದೇ ಕೆಲಸ. ಒಬ್ಬರ ಉಬುಂಟು (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್) ಸರ್ವರ್‌ನಲ್ಲಿ ಕೆಲಸ ಮಾಡಿದ ಪರಿಹಾರ ಇನ್ನೊಬ್ಬರಲ್ಲೂ ಮಾಡುತ್ತದೆ. ಕ್ಲೌಡ್ ಸರ್ವರ್ ಕಂಪನಿಯಾದ ಡಿಜಿಟಲ್‌ಓಷನ್‌ನ ಟ್ಯುಟೋರಿಯಲ್‌ಗಳನ್ನು ಅದರ ಗ್ರಾಹಕರಲ್ಲದವರೂ ಹುಡುಕಿ ಓದುವುದು ಇದೇ ಕಾರಣಕ್ಕೆ. ಆದರೆ ಅವು ಜನ ತಾವಾಗಿ ಬರೆದಿಟ್ಟು ಹೋದ ಟಿಪ್ಪಣಿಗಳಲ್ಲ. ಬರೆದವರಿಗೆ ಸಂಭಾವನೆ ಕೊಟ್ಟು, ಸಂಪಾದಕರ ಕೈಯಲ್ಲಿ ತಿದ್ದಿಸಿ ಬೆಳೆಸಿದ್ದು.

ಗ್ರಾಹಕರ ಫೋರಂ ನಿಜಕ್ಕೂ ಚೆನ್ನಾಗಿ ನಡೆಯುವುದಕ್ಕೆ ನನಗೆ ಬಹಳ ಮೆಚ್ಚುಗೆಯಾದ ಉದಾಹರಣೆ ಲೆಟ್ಸ್ ಎನ್‌ಕ್ರಿಪ್ಟ್. ಸೈಟ್‌ನ ಸಂಪರ್ಕವನ್ನು ಸುರಕ್ಷಿತಗೊಳಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುವ, ಲಾಭದ ಉದ್ದೇಶವಿಲ್ಲದ ಈ ಸೇವೆಯಲ್ಲಿ ಸಹಾಯ ಬೇಕಾದವರು ಹೋಗುವುದು ಫೋರಂಗೇ. ಅಲ್ಲಿ ಪ್ರಶ್ನೆ ಕೇಳುವಾಗ ಒಂದು ನಮೂನೆ ತುಂಬಬೇಕು: ಡೊಮೇನ್ ಯಾವುದು, ಯಾವ ಆದೇಶ ಕೊಟ್ಟಿರಿ, ಪರದೆಯ ಮೇಲೆ ಏನು ಬಂತು, ವೆಬ್ ಸರ್ವರ್ ಯಾವುದು. ಡೊಮೇನ್ ಹೆಸರು ಸಿಕ್ಕರೆ ಸಾಕು, ಡಿಎನ್‌ಎಸ್ (ಡೊಮೇನ್ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಸರಿಯಿದೆಯೇ, ವೆಬ್ ಸಂಪರ್ಕದ 80ನೇ ಪೋರ್ಟ್ ತೆರೆದಿದೆಯೇ ಎಂದು ಸ್ವಯಂಸೇವಕರು ತಮ್ಮ ಜಾಗದಿಂದಲೇ ಪರೀಕ್ಷಿಸಬಹುದು. ಸಮಸ್ಯೆ ಹೊರಗಿನಿಂದ ಕಾಣುತ್ತದೆ, ಆದ್ದರಿಂದ ಹೊರಗಿನವರು ಬಿಡಿಸುತ್ತಾರೆ.

ಈಗ ನಿಮ್ಮ 600ರ ಲೆಕ್ಕಕ್ಕೆ ಬರೋಣ. ಆನ್‌ಲೈನ್ ಸಮುದಾಯಗಳಲ್ಲಿ ಶೇ. 90 ಮಂದಿ ಬರೀ ಓದುತ್ತಾರೆ, ಶೇ. 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಹೆಚ್ಚಿನ ಬರವಣಿಗೆಯೆಲ್ಲ ಶೇ. 1 ಮಂದಿಯದು ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಬರೆದರು. ಇದು ಅಂದಾಜಿನ ಸೂತ್ರವೇ, ಆದರೂ ಅದರಂತೆ ನಿಮಗೆ ಸಿಗುವವರು ಆರು ಜನ. ಅದೂ 600 ಮಂದಿಯೂ ಫೋರಂಗೆ ಬಂದರೆ. ಹೋಸ್ಟಿಂಗ್ ಸರಿಯಾಗಿ ನಡೆಯುತ್ತಿರುವಷ್ಟು ದಿನ ಅದು ಯಾರ ನೆನಪಿಗೂ ಬರುವುದಿಲ್ಲ. ಸೈಟ್ ಬಿದ್ದಾಗ ಬರುವವರಿಗೆ ಉತ್ತರ ಈಗಲೇ ಬೇಕು, ನಾಳೆ ಯಾರಾದರೂ ಸಹೃದಯರು ಬಂದು ಬರೆದರೆ ಪ್ರಯೋಜನವಿಲ್ಲ. ಹೀಗೆ ಉತ್ತರವಿಲ್ಲದೆ ಉಳಿದ ಪ್ರಶ್ನೆಗಳನ್ನು, ನಿಮ್ಮ ಸೇವೆ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಓದುತ್ತಾರೆ.

ಸುರಕ್ಷತೆಯ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಬರಿಯಲ್ಲಿರುವ ಗ್ರಾಹಕರು ವರ್ಡ್‌ಪ್ರೆಸ್ ಸೈಟ್‌ನ ಸೆಟ್ಟಿಂಗ್‌ಗಳಿರುವ ಡಬ್ಲ್ಯುಪಿ-ಕಾನ್ಫಿಗ್ ಫೈಲನ್ನು ಪೂರ್ತಿಯಾಗಿ, ಡೇಟಾಬೇಸ್ ಪಾಸ್‌ವರ್ಡ್ ಸಮೇತ ಅಂಟಿಸಿಬಿಡುತ್ತಾರೆ. ನೀವು ಅಳಿಸುವ ಹೊತ್ತಿಗೆ ಅದು ಇಮೇಲ್ ಸೂಚನೆಗಳ ಮೂಲಕ ಹಲವರ ಇನ್‌ಬಾಕ್ಸ್ ಸೇರಿರುತ್ತದೆ, ಪಾಸ್‌ವರ್ಡ್ ಬದಲಿಸದೆ ಗತಿಯಿಲ್ಲ. ನಿಮ್ಮ ಸಿಬ್ಬಂದಿಯ ಸೋಗಿನಲ್ಲಿ ಖಾಸಗಿ ಸಂದೇಶ ಕಳಿಸಿ ಲಾಗಿನ್ ವಿವರ ಕೇಳುವವರೂ ಇರುತ್ತಾರೆ. ಇನ್ನು ಫೋರಂ ತಂತ್ರಾಂಶವೇ ದಾಳಿಗೆ ತುತ್ತಾಗಬಹುದು. 2013ರಲ್ಲಿ ಉಬುಂಟು ಫೋರಂನಿಂದ 18 ಲಕ್ಷಕ್ಕೂ ಹೆಚ್ಚು ಖಾತೆಗಳ ಇಮೇಲ್ ಮತ್ತು ಹ್ಯಾಶ್ ಮಾಡಿದ (ಗೂಢರೂಪಕ್ಕೆ ಬದಲಿಸಿದ) ಪಾಸ್‌ವರ್ಡ್‌ಗಳು ಕಳುವಾದವು. ಹೋಸ್ಟಿಂಗ್ ಉದ್ಯಮದವರದೇ ದೊಡ್ಡ ಕೂಟವಾದ ವೆಬ್ ಹೋಸ್ಟಿಂಗ್ ಟಾಕ್ ಮೇಲೆ 2009ರಲ್ಲಿ ದಾಳಿಯಾದಾಗ ಬ್ಯಾಕಪ್‌ಗಳನ್ನೂ ಅಳಿಸಿಹಾಕಲಾಯಿತು. ತಿಂಗಳುಗಟ್ಟಲೆ ಹಳೆಯ ಪ್ರತಿಯಿಂದ ಅದನ್ನು ಮತ್ತೆ ತೆರೆಯಬೇಕಾಯಿತು. ಫೋರಂ ತೆರೆಯುವುದೇ ಆದರೆ ಬಿಲ್ಲಿಂಗ್ ಖಾತೆಯ ಪಾಸ್‌ವರ್ಡ್ ಯಾವ ರೂಪದಲ್ಲೂ ಅದರ ಡೇಟಾಬೇಸ್‌ಗೆ ಹೋಗದಂತೆ ನೋಡಿಕೊಳ್ಳಿ.

ಹಾಗಾದರೆ ಅವೇ ಪ್ರಶ್ನೆಗಳಿಗೆ ಏನು ಮಾಡುವುದು? ಮೂರು ತಿಂಗಳ ಟಿಕೆಟ್‌ಗಳನ್ನು ತೆಗೆದು ವಿಷಯವಾರು ಗುಂಪು ಮಾಡಿ. ಮೊದಲು ಕೇಳಿಕೊಳ್ಳಬೇಕಾದದ್ದು, ಈ ಪ್ರಶ್ನೆ ಹುಟ್ಟದಂತೆಯೇ ಮಾಡಬಹುದೇ ಎಂದು. ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ನೇಮ್‌ಸರ್ವರ್ ಬದಲಿಸಿದ ಮೇಲೆ ಸೈಟ್ ಕಾಣಲು ಒಂದೆರಡು ದಿನ ಹಿಡಿಯಬಹುದು ಎಂಬುದನ್ನು ಸ್ವಾಗತದ ಇಮೇಲ್‌ನಲ್ಲೇ ಬರೆಯಿರಿ. ಎಸ್‌ಎಸ್‌ಎಲ್ ತಾನಾಗಿಯೇ ನವೀಕರಣವಾಗುವಂತೆ ಮಾಡಿ. ಮೇಲ್ ಅಸಲಿ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಖಾತೆ ತೆರೆಯುವಾಗಲೇ ಸೇರಿಸಿ. ಇಷ್ಟಾದ ಮೇಲೂ ಉಳಿಯುವ ಪ್ರಶ್ನೆಗಳಿಗೆ ಒಂದೊಂದು ಸಹಾಯ ಲೇಖನ ಬರೆಯಿರಿ. ತಲೆಬರಹದಲ್ಲಿ ಎರರ್ ಸಂದೇಶವನ್ನು ಅಕ್ಷರಶಃ ಇಡಿ, ಜನ ಹುಡುಕುವುದು ಅದನ್ನೇ. ಫೋರಂ ನೋಡಿಕೊಳ್ಳಲು ವ್ಯಯವಾಗುತ್ತಿದ್ದ ಸಮಯ ಇಲ್ಲಿ ಹಾಕಿದರೆ ಟಿಕೆಟ್ ಇಳಿಯುವುದು ಕಣ್ಣಿಗೆ ಕಾಣುತ್ತದೆ.

ಸರ್ವರ್ ಕೆಟ್ಟಾಗ ಎಲ್ಲರಿಗೂ ಸುದ್ದಿ ಮುಟ್ಟಿಸಲು ಫೋರಂ ಬೇಕೆನಿಸಬಹುದು. ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು, ಅದೂ ನಿಮ್ಮ ಸರ್ವರ್‌ಗಳಾಚೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಫೈಲ್ ಸಂಗ್ರಹ ಸೇವೆಯಾದ ಎಸ್3 ಕೈಕೊಟ್ಟಾಗ, ಸೇವೆಗಳ ಸ್ಥಿತಿ ತೋರಿಸುವ ಫಲಕವೂ ಎಸ್3 ಮೇಲೆಯೇ ನಿಂತಿದ್ದರಿಂದ ಅದನ್ನು ಕೆಲ ಹೊತ್ತು ಬದಲಿಸಲಾಗಲಿಲ್ಲ. ಅಂಥ ಕಂಪನಿಗೇ ಹಾಗಾಗಿದೆ. ಸ್ಥಿತಿ ತಿಳಿಸುವ ತಾಣಕ್ಕೆ ಬೇರೆ ಕಂಪನಿಯ ಸರ್ವರ್, ಬೇರೆ ಡೊಮೇನ್, ಬೇರೆ ಡಿಎನ್‌ಎಸ್ ಇರಲಿ.

ವಿಪಿಎಸ್ ಗ್ರಾಹಕರು ಸಾವಿರಗಟ್ಟಲೆ ಆದ ಮೇಲೆ ಫೋರಂ ತೆರೆಯುವ ಮನಸ್ಸಾದರೆ, ಡಿಸ್ಕೋರ್ಸ್‌ನಂಥ ಮುಕ್ತ ತಂತ್ರಾಂಶ ಸಾಕು. ಒಂದು ಜಿಬಿ ರ‍್ಯಾಮ್ ಇರುವ ಸರ್ವರ್‌ನಲ್ಲೂ ಅದು ಓಡುತ್ತದೆ. ಆದರೆ ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರಿಗೆ ಅದೇ ಕೆಲಸ ಎಂದು ವಹಿಸಿ, ಪ್ರತಿ ಪ್ರಶ್ನೆಗೂ ಒಂದು ಕೆಲಸದ ದಿನದೊಳಗೆ ಕಂಪನಿಯ ಕಡೆಯಿಂದ ಮಾತು ಬರಬೇಕು. ವಿಭಾಗಗಳು ಎರಡೋ ಮೂರೋ ಸಾಕು, ಖಾಲಿ ವಿಭಾಗಗಳ ಸಾಲು ನೋಡಿದವರು ಹಿಂತಿರುಗುತ್ತಾರೆ. ಖಾತೆ, ಬಿಲ್ಲಿಗೆ ಸಂಬಂಧಿಸಿದ್ದನ್ನು ಟಿಕೆಟ್‌ಗೆ ಕಳಿಸಿ. ಟೀಕೆಯನ್ನು ಮಾತ್ರ ಅಳಿಸಬೇಡಿ. ಅಳಿಸಿದ ಟೀಕೆಯ ಸ್ಕ್ರೀನ್‌ಶಾಟ್ ಬೇರೆಡೆ ಹರಿದಾಡುತ್ತದೆ, ನೀವು ಕೊಡಬಹುದಾಗಿದ್ದ ಉತ್ತರ ಮಾತ್ರ ಅಲ್ಲಿರುವುದಿಲ್ಲ. ಮುಂದೆಂದಾದರೂ ಮುಚ್ಚಬೇಕಾಗಿ ಬಂದರೆ ಪೂರ್ತಿ ತೆಗೆದುಹಾಕದೆ, ಹೊಸ ಬರಹ ನಿಲ್ಲಿಸಿ ಓದಲಷ್ಟೇ ಬಿಡಿ. ಹಳೆಯ ಉತ್ತರಗಳ ಕೊಂಡಿ ಹಿಡಿದು ಬರುವವರು ಅದಾದ ಮೇಲೂ ಇರುತ್ತಾರೆ.