ಎಕ್ಸ್‌ಕ್ಲೂಸಿವ್ ಆಟಗಳಿಗೆ ಪ್ರಶಸ್ತಿ ಬರುವುದೇಕೆ: 'ಗಾಡ್ ಆಫ್ ವಾರ್' ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಒಂದೇ ಕಂಪನಿಯ ಕನ್ಸೋಲ್‌ಗೆಂದು (ವಿಡಿಯೊ ಗೇಮ್ ಆಡುವ ಯಂತ್ರಕ್ಕೆಂದು) ತಯಾರಾಗಿ ಬೇರೆ ಯಂತ್ರಗಳಲ್ಲಿ ಸಿಗದ ಆಟಗಳನ್ನು ಎಕ್ಸ್‌ಕ್ಲೂಸಿವ್ ಎನ್ನುತ್ತಾರೆ. ಅವುಗಳಲ್ಲಿ ಹಲವು ಪ್ರಶಸ್ತಿ ಪಡೆದಿರುವುದರಿಂದ ಹಾಗೆ ಒಂದೇ ಯಂತ್ರಕ್ಕೆ ಮೀಸಲಾಗಿರುವುದೇ ಗೆಲುವಿಗೆ ಕಾರಣವೆಂದು ಭಾವಿಸಬಾರದು. 2015ರಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ 4ಕ್ಕೆ ಮಾತ್ರ ಬಂದ 'ದಿ ಆರ್ಡರ್: 1886' ನೋಡಲು ಸೊಗಸಾಗಿದ್ದರೂ ವಿಮರ್ಶಕರ ಮನಸ್ಸು ಗೆಲ್ಲಲಿಲ್ಲ. ಅದೇ ಯಂತ್ರಕ್ಕೆ 2018ರ ಏಪ್ರಿಲ್‌ನಲ್ಲಿ ಬಂದ 'ಗಾಡ್ ಆಫ್ ವಾರ್', ಆ ವರ್ಷದ ಗೇಮ್ ಅವಾರ್ಡ್ಸ್ ಎಂಬ ವಾರ್ಷಿಕ ಪ್ರಶಸ್ತಿಗಳಲ್ಲಿ ವರ್ಷದ ಆಟವೆನಿಸಿ, ಮರುವರ್ಷ ಬ್ರಿಟನ್ನಿನ ಬಾಫ್ಟಾದಲ್ಲಿಯೂ ಅತ್ಯುತ್ತಮ ಆಟದ ಪ್ರಶಸ್ತಿ ಪಡೆಯಿತು.

ಮೀಸಲಿನಿಂದ ಸಿಗುವುದು ಮುಖ್ಯವಾಗಿ ಕಾಲಾವಕಾಶ. ಕನ್ಸೋಲ್ ಮಾರುವ ಕಂಪನಿಗೆ ಒಳ್ಳೆಯ ಆಟವೊಂದು ಯಂತ್ರವನ್ನು ಕೊಳ್ಳಿಸುವ ಆಕರ್ಷಣೆಯೂ ಹೌದು. ಕೊಂಡವರು ಮುಂದೆ ಬೇರೆಯವರ ಆಟ ಖರೀದಿಸಿದಾಗಲೂ ಅದರಲ್ಲಿ ಕಂಪನಿಗೆ ಪಾಲು ಸಲ್ಲುತ್ತದೆ. ಆದ್ದರಿಂದ ಸ್ಟುಡಿಯೊ ವರ್ಷಗಟ್ಟಲೆ ತಿದ್ದುತ್ತ ಕೂತರೂ ಕಂಪನಿ ತಾಳಿಕೊಳ್ಳಬಲ್ಲದು. ಜೊತೆಗೆ, ಆಡುವವರೆಲ್ಲರ ಕೈಯಲ್ಲಿ ಒಂದೇ ಬಗೆಯ ಕಂಟ್ರೋಲರ್ (ಆಟವನ್ನು ನಿಯಂತ್ರಿಸುವ ಗುಂಡಿಗಳ ಸಾಧನ) ಇರುತ್ತದೆ ಎಂಬ ಖಾತ್ರಿಯೂ ತಯಾರಕರಿಗಿರುತ್ತದೆ.

ಈ ಅವಕಾಶವನ್ನು 'ಗಾಡ್ ಆಫ್ ವಾರ್' ನಿರ್ದೇಶಕ ಕೋರಿ ಬಾರ್ಲಾಗ್ ಅವರ ತಂಡ ಹೇಗೆ ಬಳಸಿಕೊಂಡಿತು ಎಂಬುದನ್ನು ಗಮನವಿಟ್ಟು ನೋಡಬೇಕು. ಕಥಾನಾಯಕ ಕ್ರೇಟೋಸ್ ತನ್ನ ಹೆಂಡತಿಯ ಚಿತೆಗಾಗಿ ಮರ ಕಡಿಯುವ ಮೊದಲ ದೃಶ್ಯದಿಂದ ಕೊನೆಯವರೆಗೆ ಕಥೆಯಲ್ಲಿ ಕ್ಯಾಮೆರಾದ ಓಟ ಎಲ್ಲಿಯೂ ತುಂಡಾಗುವುದಿಲ್ಲ. ತುಂಡು ಮಾಡುವಂತಿಲ್ಲವೆಂದ ಮೇಲೆ ಮುಂದಿನ ಭಾಗ ಸಿದ್ಧವಾಗುವವರೆಗೆ ಕಾಯಿಸುವ ಲೋಡಿಂಗ್ ಪರದೆಯನ್ನೂ ತೋರಿಸುವಂತಿಲ್ಲ. ಹಾಗಾಗಿ ಮಾಯಾದ್ವಾರದ ಮೂಲಕ ಒಂದು ಸ್ಥಳದಿಂದ ದೂರದ ಇನ್ನೊಂದಕ್ಕೆ ಹೋಗುವಾಗ ಕ್ರೇಟೋಸ್ ಮತ್ತು ಅವನ ಮಗ ಲೋಕಗಳನ್ನು ಜೋಡಿಸುವ ಮಹಾವೃಕ್ಷದ ಕೊಂಬೆಗಳ ಮೇಲೆ ಮಾತನಾಡುತ್ತ ನಡೆಯುತ್ತಾರೆ, ಅಷ್ಟರಲ್ಲಿ ಮುಂದಿನ ಸ್ಥಳ ಸಿದ್ಧವಾಗುತ್ತದೆ. ತಾಂತ್ರಿಕ ಅಡಚಣೆಯೊಂದು ಇಲ್ಲಿ ಅವರಿಬ್ಬರ ಸಂಬಂಧದ ಕಥೆಗೇ ಒದಗಿ ಬಂದಿದೆ. ಕ್ರೇಟೋಸ್‌ನ ಕೊಡಲಿಯನ್ನೂ ಗಮನಿಸಿ. ಎಸೆದ ಮೇಲೆ ತ್ರಿಕೋನದ ಗುಂಡಿ ಒತ್ತಿದರೆ ಅದು ಗಿರಗಿರನೆ ತಿರುಗುತ್ತ, ದಾರಿಗೆ ಸಿಕ್ಕವರನ್ನು ಹೊಡೆಯುತ್ತ ಮರಳಿ, ಧಪ್ಪೆಂದು ಅಂಗೈ ಸೇರುತ್ತದೆ. ಆ ಕ್ಷಣವೇ ನಮ್ಮ ಕೈಯಲ್ಲಿನ ಕಂಟ್ರೋಲರ್ ಅದುರುತ್ತದೆ. ಇಡೀ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದೇ.

ನಿಂಟೆಂಡೊದ 'ಬ್ರೆತ್ ಆಫ್ ದಿ ವೈಲ್ಡ್' 2017ರ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವಾಗಿ ಗೆದ್ದದ್ದು ಬೇರೆ ಗುಣದಿಂದ. ಅಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿಗಾಳಿ ಮೇಲೇಳುತ್ತದೆ, ಆ ಗಾಳಿಯಲ್ಲಿ ಗ್ಲೈಡರ್ ಬಿಡಿಸಿ ನಾವೂ ಮೇಲೇರಬಹುದು. ಇಂತಹ ನಿಯಮಗಳನ್ನು ತಂಡ ಮೊದಲು ಸರಳವಾದ ದ್ವಿಆಯಾಮದ ಮಾದರಿಯಲ್ಲಿ ಪರೀಕ್ಷಿಸಿತ್ತು.

ಗೇಮ್ ಅವಾರ್ಡ್ಸ್‌ನಲ್ಲಿ ಶೇ. 90ರಷ್ಟು ತೂಕ ಮಾಧ್ಯಮಗಳ ತೀರ್ಪುಗಾರರದು, ಉಳಿದ ಶೇ. 10 ಜನರ ಮತ. ವರ್ಷವಿಡೀ ಆಟಗಳನ್ನು ಆಡಿ ನೋಡುವ ಈ ತೀರ್ಪುಗಾರರ ನೆನಪಿನಲ್ಲಿ, ಒಂದು ಕಲ್ಪನೆಯನ್ನು ಕೊನೆತನಕ ಕೈಬಿಡದ ಆಟವೇ ಉಳಿಯುತ್ತದೆಂದು ನನಗನ್ನಿಸುತ್ತದೆ. ಅದಕ್ಕೆ ಮೀಸಲು ಅನಿವಾರ್ಯವಲ್ಲ: 2022ರಲ್ಲಿ 'ಎಲ್ಡನ್ ರಿಂಗ್', 2023ರಲ್ಲಿ 'ಬಾಲ್ಡರ್ಸ್ ಗೇಟ್ 3' ಹಲವು ಯಂತ್ರಗಳಲ್ಲಿ ಲಭ್ಯವಿದ್ದೂ ಗೆದ್ದವು. 'ಗಾಡ್ ಆಫ್ ವಾರ್' ಕೂಡ 2022ರ ಜನವರಿಯಲ್ಲಿ ಕಂಪ್ಯೂಟರ್‌ಗೆ ಬಂದಾಗ ವಿಮರ್ಶಕರ ಮೆಚ್ಚುಗೆ ಮತ್ತೆ ಪಡೆಯಿತು.