ಮುಚ್ಚಳ ಹಾಕುವುದನ್ನು ಕಲಿಸಬೇಕಾಗಿದ್ದ ಡಬ್ಬಿ

ಪ್ಲಾಸ್ಟಿಕ್ ಮೌಲ್ಡಿಂಗ್ ಕೆಲಸಕ್ಕೆ ಬಂದು 22 ವರ್ಷ ಆಯಿತು. ಪೀಣ್ಯದ ನಮ್ಮ ಶೆಡ್ಡಿಗೆ ಬೆಳಗ್ಗೆ ಹೋದ ತಕ್ಷಣ ನಾನು ಕೈಗೆತ್ತಿಕೊಳ್ಳುವುದು ಹಿಂದಿನ ದಿನ ತೆಗೆದ ಮುಚ್ಚಳಗಳನ್ನು. ಹಿಂದಿನ ದಿನದ್ದೇ ಯಾಕೆ ಅಂದರೆ, ಮಷಿನ್‌ನಿಂದ ಆಗ ತಾನೇ ಬಿದ್ದ ಬಿಸಿ ಮುಚ್ಚಳ ಅಳೆದು ಪ್ರಯೋಜನ ಇಲ್ಲ. ಪಾಲಿಥೀನ್ ತಣ್ಣಗಾಗುತ್ತಾ ನೂರಕ್ಕೆ ಎರಡು ಮೂರರಷ್ಟು ಕುಗ್ಗುತ್ತದೆ. 150 ಮಿಲಿಮೀಟರ್ ಅಗಲದ ಮುಚ್ಚಳ ಅಂದರೆ ಮೂರು, ನಾಲ್ಕು ಮಿಲಿಮೀಟರ್ ಹೋಯಿತು. ಅದು ಪೂರ್ತಿ ಕುಗ್ಗಿ ಒಂದು ಅಳತೆಗೆ ನಿಲ್ಲಲು ಒಂದು ದಿನವಾದರೂ ಬೇಕು. ಮೌಲ್ಡ್, ಅಂದರೆ ಅಚ್ಚು, ಮಾಡುವವರು ಇದನ್ನು ಮೊದಲೇ ಲೆಕ್ಕ ಹಾಕಿ ಉಕ್ಕಿನಲ್ಲಿ ಅಷ್ಟು ಜಾಸ್ತಿ ಕೊರೆದಿರಬೇಕು. ಅರ್ಧ ಮಿಲಿಮೀಟರ್ ತಪ್ಪಿತು ಅಂದರೆ ಮುಚ್ಚಳ ಕೂರುವುದೇ ಇಲ್ಲ, ಇಲ್ಲವೇ ಕೂತರೂ ಸಾರು ಸೋರುತ್ತದೆ.

ಬಟ್ಟಲು ಸುಲಭ. ಕಷ್ಟ ಇರುವುದೆಲ್ಲ ಮುಚ್ಚಳದಲ್ಲಿ.

ಅದಕ್ಕೇ ಯಾರಾದರೂ ಟಪ್ಪರ್‌ವೇರ್ ಕಥೆಯನ್ನು ಪ್ಲಾಸ್ಟಿಕ್ ಡಬ್ಬಿಯ ಕಥೆ ಅಂತ ಹೇಳಿದರೆ ನನಗೆ ಸಮಾಧಾನ ಆಗುವುದಿಲ್ಲ. ಅದು ಒಂದು ಮುಚ್ಚಳದ ಕಥೆ. ಆ ಮುಚ್ಚಳ ಹಾಕುವುದು ಹೇಗೆ ಅಂತ ಮನೆ ಮನೆಯಲ್ಲಿ ಕೂತು ತೋರಿಸಿಕೊಟ್ಟ ಹೆಂಗಸರ ಕಥೆ. 2024ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ 70 ಕೋಟಿ ಡಾಲರ್‌ಗೂ ಮೀರಿದ ಸಾಲ ಹೊತ್ತು ಅಮೆರಿಕದ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಪರಿಚಯದವರು ಸುಮಾರು ಜನ ನನ್ನನ್ನು ಕೇಳಿದರು, ಅಷ್ಟು ಗಟ್ಟಿ ಡಬ್ಬಿ ಮಾಡುತ್ತಿದ್ದವರು ಮುಳುಗಿದ್ದು ಹೇಗೆ ಅಂತ. ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1933ರಲ್ಲಿ ಇಂಗ್ಲೆಂಡಿನ ಐಸಿಐ ಅನ್ನುವ ಕೆಮಿಕಲ್ ಕಂಪನಿಯ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಥಿಲೀನ್ ಅನಿಲವನ್ನು ಭಾರಿ ಒತ್ತಡದಲ್ಲಿ ಕಾಯಿಸುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಬೇರೆ. ಪಾತ್ರೆಯ ತಳದಲ್ಲಿ ಸಿಕ್ಕಿದ್ದು ಮೇಣದ ಹಾಗಿನ ಬಿಳಿ ಪದಾರ್ಥ. ಅದೇ ಪಾಲಿಥೀನ್. ಯುದ್ಧದ ಕಾಲದಲ್ಲಿ ಅದನ್ನು ಗುಟ್ಟಾಗಿ ಇಟ್ಟು ರೇಡಾರ್ ಕೇಬಲ್‌ಗಳ ಹೊದಿಕೆಗೆ ಬಳಸಿದರು. ಅಡುಗೆಮನೆಯ ನೆನಪೇ ಆಗ ಯಾರಿಗೂ ಇರಲಿಲ್ಲ.

ಅರ್ಲ್ ಟಪ್ಪರ್ ಹುಟ್ಟಿದ್ದು 1907ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಬರ್ಲಿನ್ ಊರಿನಲ್ಲಿ. ಮರಗಳ ಆರೈಕೆ ಮಾಡುವ ವ್ಯವಹಾರ ಇಟ್ಟುಕೊಂಡಿದ್ದರು. 1936ರಲ್ಲಿ ಅದು ದಿವಾಳಿಯಾಯಿತು. ಆಮೇಲೆ ಮ್ಯಾಸಚೂಸೆಟ್ಸ್‌ನ ಲೆಮಿನ್‌ಸ್ಟರ್‌ನಲ್ಲಿ ಡುಪಾಂಟ್ ಅನ್ನುವ ದೊಡ್ಡ ಕೆಮಿಕಲ್ ಕಂಪನಿಗೆ ಸೇರಿದ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಒಂದು ವರ್ಷದಷ್ಟು ಕಾಲ ಕೆಲಸ ಕಲಿತು, 1938ರಲ್ಲಿ ಸ್ವಂತದ್ದು ಶುರು ಮಾಡಿದರು. ಡುಪಾಂಟ್‌ನಿಂದ ಪಾಲಿಥೀನ್‌ನ ಹೊಲಸು ತ್ಯಾಜ್ಯ ತಂದು, ಅದನ್ನು ಶುದ್ಧ ಮಾಡಿ, ವಾಸನೆ ಇಲ್ಲದ, ಜಿಡ್ಡು ಇಲ್ಲದ ಪ್ಲಾಸ್ಟಿಕ್ ತೆಗೆಯುವ ತನಕ ಬಿಡಲಿಲ್ಲ. ಆ ಕಾಲದ ಬಹಳಷ್ಟು ಪ್ಲಾಸ್ಟಿಕ್ ಬಿದ್ದರೆ ಒಡೆಯುತ್ತಿತ್ತು, ವಾಸನೆ ಹೊಡೆಯುತ್ತಿತ್ತು. ಇದು ಬಗ್ಗುತ್ತಿತ್ತು. ಈ ಬಗೆಯ ಪಾಲಿಥೀನ್‌ನಲ್ಲಿ ಅಣುಗಳ ಸರಪಳಿಗೆ ಅಲ್ಲಲ್ಲಿ ಕವಲು ಇರುತ್ತದೆ. ಕವಲಿರುವ ಕಟ್ಟಿಗೆಯನ್ನು ಒತ್ತಾಗಿ ಜೋಡಿಸಲು ಆಗುತ್ತದಾ? ಇಲ್ಲ, ನಡುವೆ ಸಂದು ಉಳಿಯುತ್ತದೆ. ಆ ಸಂದಿನಿಂದಲೇ ಮೆತುತನ. ಫ್ರಿಜ್ಜಿನ ಚಳಿಯಲ್ಲೂ ಅದು ಹೋಗುವುದಿಲ್ಲ.

ಮುಚ್ಚಳದ ಉಪಾಯ ಅವರಿಗೆ ಹೊಳೆದಿದ್ದು ಪೇಂಟ್ ಡಬ್ಬದಿಂದ. ಪೇಂಟ್ ಡಬ್ಬದಲ್ಲಿ ಬಾಯಿಯ ಸುತ್ತ ಕಾಲುವೆ ಇರುತ್ತದೆ, ಮುಚ್ಚಳ ಅದರೊಳಗೆ ಇಳಿದು ಬಿಗಿಯಾಗುತ್ತದೆ. ಟಪ್ಪರ್ ಅದನ್ನು ತಿರುವು ಮುರುವು ಮಾಡಿದರು. ಕಾಲುವೆ ಮುಚ್ಚಳಕ್ಕೆ ಬಂತು, ಬಟ್ಟಲಿನ ಅಂಚು ಅದರೊಳಗೆ ಹೋಗಿ ಕೂತಿತು. 1949ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಮುಚ್ಚಳ ಕೂರಿಸಿ, ನಡುವೆ ಅಂಗೈಯಲ್ಲಿ ಒತ್ತಿ, ಅಂಚನ್ನು ಒಂದು ಕಡೆ ಚೂರು ಎತ್ತಿದರೆ ಒಳಗಿನ ಗಾಳಿ ಪುಸ್ಸೆಂದು ಹೊರಗೆ ಬರುತ್ತದೆ. ಅಮೆರಿಕದವರು ಇದನ್ನು ತೇಗು ಅಂತಲೇ ಕರೆದರು. ಅಂಚು ಮತ್ತೆ ಒತ್ತಿ ಕೈ ಬಿಟ್ಟರೆ ಮುಚ್ಚಳ ಮೇಲೇಳಲು ನೋಡುತ್ತದೆ, ಒಳಗಿನ ಒತ್ತಡ ಸ್ವಲ್ಪ ಇಳಿಯುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಒಳಗೆ ಗಾಳಿಯೇ ಇಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಗಾಳಿ ಸ್ವಲ್ಪ ಕಮ್ಮಿ ಆಗಿರುತ್ತದೆ, ಅಷ್ಟೇ.

1946ರಲ್ಲಿ ಈ ಬಟ್ಟಲುಗಳು ಅಂಗಡಿಗೆ ಬಂದವು. ನೋಡಲು ಚೆನ್ನಾಗಿದ್ದವು, ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮುಂದೆ ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳುವಷ್ಟು ಚೆನ್ನಾಗಿದ್ದವು. ಆದರೂ ಮಾರಾಟ ಆಗಲಿಲ್ಲ. ಅಲ್ಲಿಯವರೆಗೆ ಮನೆಗಳಲ್ಲಿ ಉಳಿದ ಊಟದ ಮೇಲೆ ಒಂದು ತಟ್ಟೆ ಮುಚ್ಚಿ ಇಡುತ್ತಿದ್ದರು. ತಟ್ಟೆ ಮುಚ್ಚಲು ಯಾರಿಗೂ ಕಲಿಸಬೇಕಾಗಿಲ್ಲ. ಈ ಮುಚ್ಚಳಕ್ಕೆ ಮಾತ್ರ ಕಲಿಸಬೇಕಾಗಿತ್ತು. ಸರಿಯಾಗಿ ಕೂರುವುದಿಲ್ಲ ಅಂತ ವಾಪಸ್ ತಂದುಕೊಟ್ಟವರೂ ಇದ್ದರು.

ಈ ಜಾಗಕ್ಕೆ ಬಂದವರು ಬ್ರೌನಿ ವೈಸ್. 1913ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದವರು. ಗಂಡನಿಂದ ಬೇರೆಯಾಗಿ ಮಗನನ್ನು ಒಬ್ಬರೇ ಸಾಕುತ್ತಾ ಡೆಟ್ರಾಯಿಟ್ ಹತ್ತಿರ ಸೆಕ್ರೆಟರಿ ಕೆಲಸ ಮಾಡುತ್ತಿದ್ದರು. ಜೊತೆಗೆ ಸ್ಟಾನ್ಲಿ ಹೋಮ್ ಪ್ರಾಡಕ್ಟ್ಸ್ ಅನ್ನುವ ಕಂಪನಿಯ ಮನೆ ಸಾಮಾನು ಮಾರುತ್ತಿದ್ದರು. ಯಾರದಾದರೂ ಮನೆಯಲ್ಲಿ ನಾಲ್ಕು ಜನರನ್ನು ಸೇರಿಸಿ ಮಾರುವ ಪದ್ಧತಿ ಆ ಕಂಪನಿಯಲ್ಲಿ ಆಗಲೇ ಇತ್ತು. ಅದನ್ನು ಹುಟ್ಟಿಸಿದ್ದು ವೈಸ್ ಅಲ್ಲ, ಟಪ್ಪರ್‌ವೇರ್ ಕೂಡ ಅಲ್ಲ. ವೈಸ್ ಮಾಡಿದ್ದು ಆ ಪದ್ಧತಿಗೆ ಸರಿಯಾದ ವಸ್ತುವನ್ನು ಜೋಡಿಸಿದ್ದು. ಬಟ್ಟಲಿಗೆ ನೀರೋ ಜ್ಯೂಸೋ ತುಂಬಿ, ಮುಚ್ಚಳ ಹಾಕಿ, ಎದುರಿಗೆ ಕೂತವರ ಕಡೆ ಎಸೆಯುತ್ತಿದ್ದರು! ಒಂದು ಹನಿ ಚೆಲ್ಲುತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬರ ಕೈಗೂ ಬಟ್ಟಲು ಕೊಟ್ಟು, ನೀವೇ ಹಾಕಿ ನೋಡಿ ಅನ್ನುವುದು. ಒಂದು ಸಲ ಕೈಗೆ ಹತ್ತಿತು ಅಂದರೆ ಮುಗಿಯಿತು.

ನಾನು ಹೊಸ ಹುಡುಗರಿಗೆ ಮಷಿನ್ ಕೆಲಸ ಕಲಿಸುವಾಗಲೂ ಇದೇ. ಬಾಯಲ್ಲಿ ಎಷ್ಟು ಹೇಳಿದರೂ ಹತ್ತದ್ದು ಒಂದು ಸಲ ಕೈಯಲ್ಲಿ ಮಾಡಿಸಿದರೆ ಹತ್ತುತ್ತದೆ. ಹಾಗಾಗಿ ವೈಸ್ ಅವರನ್ನು ಬರೀ ಮಾರಾಟದವರು ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ. ಟಪ್ಪರ್ ಮಾಡಿದ್ದ ಮುಚ್ಚಳದಲ್ಲಿ ಒಂದು ಭಾಗ ಕಮ್ಮಿ ಇತ್ತು. ಅದನ್ನು ಬಳಸಲು ತಿಳಿದ ಕೈ ಇರಲಿಲ್ಲ. ಆ ಭಾಗವನ್ನು ಸೇರಿಸಿದ್ದು ಇವರು.

ವೈಸ್ ಅವರ ಮಾರಾಟ ನೋಡಿದ ಟಪ್ಪರ್ 1951ರಲ್ಲಿ ಅವರನ್ನು ಕಂಪನಿಯ ಉಪಾಧ್ಯಕ್ಷೆ ಮಾಡಿದರು. ಅಂಗಡಿಗಳಿಂದ ಮಾಲನ್ನೆಲ್ಲ ಹಿಂದಕ್ಕೆ ತೆಗೆದುಕೊಂಡರು. ಇನ್ನು ಮೇಲೆ ಮನೆ ಪಾರ್ಟಿಯಲ್ಲಿ ಮಾತ್ರ. ಯುದ್ಧದ ವೇಳೆ ಕಾರ್ಖಾನೆಯಲ್ಲಿ ದುಡಿದ ಹೆಂಗಸರನ್ನು, ಗಂಡಸರು ವಾಪಸ್ ಬಂದ ಮೇಲೆ ಮನೆಗೆ ಕಳಿಸಿದ್ದ ಕಾಲ ಅದು. ಊರಾಚೆ ಹೊಸ ಬಡಾವಣೆಗಳು, ಪ್ರತಿ ಮನೆಗೂ ಫ್ರಿಜ್ಜು, ಅಕ್ಕಪಕ್ಕದಲ್ಲಿ ಗುರುತು ಪರಿಚಯ ಇಲ್ಲದ ಜನ. ಮಕ್ಕಳನ್ನು ನೋಡಿಕೊಂಡೇ ನಾಲ್ಕು ಕಾಸು ಸಂಪಾದಿಸುವ ದಾರಿ ಇದೊಂದೇ ಅನ್ನುವಂಥವರು ಸಾವಿರಾರು ಜನ ಸೇರಿದರು. ಫ್ಲೋರಿಡಾದ ಕಿಸಿಮಿಯಲ್ಲಿ ದೊಡ್ಡ ಕಚೇರಿ ಕಟ್ಟಿ, ಒಳ್ಳೆ ಮಾರಾಟ ಮಾಡಿದವರನ್ನು ಕರೆಸಿ ಸನ್ಮಾನ ಮಾಡುತ್ತಿದ್ದರು, ಬಹುಮಾನಗಳನ್ನು ನೆಲದಲ್ಲಿ ಹೂತಿಟ್ಟು ಅಗೆದು ತೆಗೆದುಕೊಳ್ಳಿ ಅಂತ ಕೈಗೆ ಗುದ್ದಲಿ ಕೊಡುತ್ತಿದ್ದರು. ದಿನವಿಡೀ ಮನೆಗೆಲಸ ಮಾಡಿದರೂ ಒಬ್ಬರೂ ಭೇಷ್ ಅನ್ನದ ಹೆಂಗಸರಿಗೆ ಆ ಚಪ್ಪಾಳೆ ಎಷ್ಟು ದೊಡ್ಡದಾಗಿತ್ತು ಅಂತ ಸ್ವಲ್ಪ ಯೋಚಿಸಿ. 1954ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ವೈಸ್ ಚಿತ್ರ ಬಂತು. ಆ ಪತ್ರಿಕೆಯ ಮುಖಪುಟಕ್ಕೆ ಬಂದ ಮೊದಲ ಮಹಿಳೆ ಅವರು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1958ರ ಜನವರಿಯಲ್ಲಿ, ಟಪ್ಪರ್ ಅವರು ವೈಸ್ ಅವರನ್ನು ಕೆಲಸದಿಂದ ತೆಗೆದರು. ಕೈಗೆ ಕೊಟ್ಟಿದ್ದು ಒಂದು ವರ್ಷದ ಸಂಬಳ, ಸುಮಾರು 30,000 ಡಾಲರ್. ಕಂಪನಿಯಲ್ಲಿ ಅವರ ಹೆಸರಿಗೆ ಒಂದು ಷೇರೂ ಇರಲಿಲ್ಲ. ಅದೇ ವರ್ಷ ಟಪ್ಪರ್ ಇಡೀ ಕಂಪನಿಯನ್ನು ರೆಕ್ಸಾಲ್ ಅನ್ನುವ ಔಷಧ ಕಂಪನಿಗೆ 1.6 ಕೋಟಿ ಡಾಲರ್‌ಗೆ ಮಾರಿದರು. ಕಂಪನಿ ತನ್ನ ಇತಿಹಾಸ ಹೇಳುವಾಗ ತುಂಬಾ ವರ್ಷ ವೈಸ್ ಹೆಸರನ್ನೇ ಎತ್ತಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ. ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡಿದವರ ಹೆಸರು ಉಳಿಯುತ್ತದೆ, ಅದನ್ನು ಜನರ ಕೈಗೆ ಹೊಂದಿಸಿದವರ ಹೆಸರು ಉಳಿಯುವುದಿಲ್ಲ.

ಭಾರತಕ್ಕೆ ಟಪ್ಪರ್‌ವೇರ್ ಬಂದಿದ್ದು 1996ರಲ್ಲಿ, ಇದೇ ಪದ್ಧತಿ ಹಿಡಿದುಕೊಂಡು. ಆಮೇಲೆ ಬೇರೆ ಕಂಪನಿಗಳೂ ಇದನ್ನೇ ಮಾಡಿದವು. ವಿಜಯನಗರದ ನಮ್ಮ ಅತ್ತಿಗೆಯ ಮನೆಯಲ್ಲಿ ಅಂಥ ಒಂದು ಡಬ್ಬಿ ಪಾರ್ಟಿ ನಡೆದಾಗ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಹತ್ತು ಹನ್ನೆರಡು ಜನ ಹೆಂಗಸರು, ಉಪ್ಪಿಟ್ಟು, ಕಾಫಿ. ಅಮ್ಮನೂ ಕೂತಿದ್ದರು. ಹೆಸರು ಹಾಕಿಸಿದ ಸ್ಟೀಲ್ ಡಬ್ಬ ಬಿಟ್ಟು ಬೇರೆ ಮುಟ್ಟದಿದ್ದವರು ಅವತ್ತು ಒಂದು ಬಟ್ಟಲಿನ ಮುಚ್ಚಳ ನಾಲ್ಕು ಸಲ ತೆಗೆದು ಹಾಕಿದರು. ಬೆಲೆ ಕೇಳಿ ಕೆಳಗಿಟ್ಟರು. ಆಮೇಲೆ ಕೊಂಡರು. ಯಾಕೆ ಅಂತ ಕೇಳಿದ್ದಕ್ಕೆ, "ಅವರ ಮನೆಗೆ ಹೋಗಿ ಕಾಫಿ ಕುಡಿದು ಬರೀ ಕೈಯಲ್ಲಿ ಬರೋಕ್ಕಾಗತ್ತೇನೋ" ಅಂದರು.

ಈ ದಾಕ್ಷಿಣ್ಯ ಈ ವ್ಯಾಪಾರದ ಒಳಗೇ ಇದೆ. ಅದು ನನಗೆ ಇಷ್ಟವಾಗದ ಭಾಗ. ಮಾರುವವರೂ ಕೊಳ್ಳುವವರೂ ಸ್ನೇಹಿತರೇ ಆದಾಗ ಬೇಡ ಅನ್ನುವುದು ಕಷ್ಟ. ಬೇಡದ ಡಬ್ಬಿ ಮನೆಗೆ ಬರುತ್ತದೆ, ಕೆಲವು ಸಲ ಸ್ನೇಹವೂ ಕೆಡುತ್ತದೆ. ಡಬ್ಬಿ ಮಾರುವುದಕ್ಕಿಂತ ಜನರನ್ನು ಸೇರಿಸಿದ್ದಕ್ಕೇ ದುಡ್ಡು ಅನ್ನುವ ಸ್ಕೀಮುಗಳು ಬಂದರೆ ದೂರ ಇರಿ. ನಮ್ಮಲ್ಲಿ 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳ ಪ್ರಕಾರ ಅಂಥ ಪಿರಮಿಡ್ ಸ್ಕೀಮುಗಳಿಗೆ ಅವಕಾಶ ಇಲ್ಲ.

ಪಾರ್ಟಿಗಳಲ್ಲಿ ಹೇಳದೆ ಬಿಡುತ್ತಿದ್ದ ಒಂದು ವಿಷಯ ಇಲ್ಲಿ ಹೇಳಬೇಕು, ಯಾಕೆಂದರೆ ನನಗೆ ಜಾಸ್ತಿ ಬರುವ ಪ್ರಶ್ನೆ ಅದೇ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೂ ಚಕ್ಕುಲಿ ತಿಂಗಳಾದ ಮೇಲೆ ಕಮಟು ಹೊಡೆಯುವುದು ಯಾಕೆ? ಪಾಲಿಥೀನ್ ಮತ್ತು ಡಬ್ಬಿಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್ ಎರಡೂ ನೀರಿನ ಆವಿಯನ್ನು ಚೆನ್ನಾಗಿ ತಡೆಯುತ್ತವೆ. ಆಮ್ಲಜನಕವನ್ನು ಅಷ್ಟು ತಡೆಯುವುದಿಲ್ಲ, ಅದು ಪ್ಲಾಸ್ಟಿಕ್ಕಿನ ಗೋಡೆಯ ಮೂಲಕವೇ ನಿಧಾನಕ್ಕೆ ಒಳಗೆ ಹೋಗುತ್ತದೆ. ಡಬ್ಬಿ ತುಂಬುವಾಗಲೇ ಒಳಗಿದ್ದ ಗಾಳಿ ಬೇರೆ. ಹಾಗಾಗಿ ಚಕ್ಕುಲಿ ಗರಿಗರಿಯಾಗೇ ಇರುತ್ತದೆ, ಎಣ್ಣೆ ಮಾತ್ರ ಕೆಡುತ್ತದೆ. ಹಪ್ಪಳ, ಸಂಡಿಗೆ, ಅವಲಕ್ಕಿ, ರವೆಗೆ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಕರಿದ ತಿಂಡಿ ತುಂಬಾ ದಿನ ಇಡಬೇಕಾದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದ ಪೂರ್ತಿ ತುಂಬಿ ಇಡಿ. ಉಪ್ಪಿನಕಾಯಿಗೆ ಭರಣಿಯೇ ಸರಿ.

ಅರಿಶಿನದ ಕಲೆ ತಿಕ್ಕಿ ತೆಗೆಯಲು ಹೋಗಬೇಡಿ. ಅರಿಶಿನದ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಈ ಪ್ಲಾಸ್ಟಿಕ್‌ಗಳೂ ಎಣ್ಣೆಯ ಜಾತಿಯವೇ, ಹಾಗಾಗಿ ಬಣ್ಣ ಮೈಯೊಳಗೆ ಇಳಿದುಬಿಡುತ್ತದೆ. ತೊಳೆದು ಬಿಸಿಲಿಗಿಡಿ, ಬಿಸಿಲಿಗೆ ಆ ಬಣ್ಣ ತಡೆಯುವುದಿಲ್ಲ. ಕುದಿಯುವ ಸಾರು ಹಾಕಿ ತಕ್ಷಣ ಬಿಗಿಯಾಗಿ ಮುಚ್ಚಬೇಡಿ. ಆರಿದಾಗ ಒಳಗಿನ ಆವಿ ನೀರಾಗಿ ಮುಚ್ಚಳ ಒಳಕ್ಕೆ ಎಳೆದುಕೊಳ್ಳುತ್ತದೆ, ದಿನಾ ಹಾಗಾದರೆ ಅಂಚು ಸೊಟ್ಟಗಾಗುತ್ತದೆ. ಡಬ್ಬಿಯ ತಳ ನೋಡಿ. ತ್ರಿಕೋನದೊಳಗೆ 4 ಇದ್ದರೆ ಮೆತು ಪಾಲಿಥೀನ್, 110 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್, 160ರ ಆಸುಪಾಸು. ಮೈಕ್ರೊವೇವ್‌ನಲ್ಲಿ ನೀರಿನ ಬಿಸಿ ನೂರರ ಹತ್ತಿರ ನಿಲ್ಲುತ್ತದೆ, ಎಣ್ಣೆಯದ್ದು ನಿಲ್ಲುವುದಿಲ್ಲ. ಅದಕ್ಕೇ ಎಣ್ಣೆ ತೇಲುವ ಪಲ್ಯ, ಗೊಜ್ಜು ಬಿಸಿ ಮಾಡಲು ನಾನು ಮನೆಯಲ್ಲಿ ಗಾಜಿನ ಬಟ್ಟಲನ್ನೇ ಬಳಸುತ್ತೇನೆ.

ಮತ್ತೆ ಆ ದಿವಾಳಿಯ ಪ್ರಶ್ನೆ. ಸಾಲದ ಲೆಕ್ಕ, ಹಣಕಾಸಿನ ಜಗಳ ಎಲ್ಲ ಇದೆ, ಅದನ್ನು ಹೇಳುವವರು ಬೇರೆ ಇದ್ದಾರೆ. ಮೌಲ್ಡಿಂಗ್ ಶೆಡ್ಡಿನಲ್ಲಿ ನಿಂತು ನೋಡಿದರೆ ನನಗೆ ಕಾಣುವುದು ಮುಚ್ಚಳವೇ. ಮೂಲ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. ನಾಲ್ಕು ಕಡೆ ಕ್ಲಿಪ್, ನಡುವೆ ಸಿಲಿಕೋನ್ ರಬ್ಬರ್ ಬಳೆ ಇರುವ ಡಬ್ಬಿಗಳು ಬಂದವು. ಅಲ್ಲಿ ಮುಚ್ಚಳ ಮತ್ತು ಬಟ್ಟಲಿನ ನಡುವೆ ಸಣ್ಣ ವ್ಯತ್ಯಾಸ ಇದ್ದರೂ ರಬ್ಬರ್ ಅದನ್ನು ತುಂಬಿಕೊಳ್ಳುತ್ತದೆ, ನಮ್ಮಂಥ ಸಣ್ಣ ಶೆಡ್ಡುಗಳೂ ಮಾಡಬಹುದು. ಕ್ಲಿಪ್ ಒತ್ತಿದರೆ ಟಕ್ ಅನ್ನುತ್ತದೆ. ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಅದನ್ನು ತೋರಿಸಲು ಯಾರೂ ಮನೆಗೆ ಬರಬೇಕಾಗಿಲ್ಲ, ಉಪ್ಪಿಟ್ಟು ಕಾಫಿ ಮಾಡಬೇಕಾಗಿಲ್ಲ. ಫೋನಿನಲ್ಲಿ ಆರ್ಡರ್ ಮಾಡಿದರೆ ಮಾರನೇ ದಿನ ಬಾಗಿಲಿಗೆ ಬರುತ್ತದೆ. ಕಲಿಸುವ ಕೆಲಸವೇ ಹೋದ ಮೇಲೆ, ಕಲಿಸುವವರ ಮೇಲೆ ನಿಂತಿದ್ದ ಕಂಪನಿ ಎಷ್ಟು ದಿನ ನಿಂತೀತು?

ಹೋದ ತಿಂಗಳು ಅತ್ತಿಗೆ ಆ ಪಾರ್ಟಿಯ ಬಟ್ಟಲು ತಂದು ತೋರಿಸಿದರು. ಬಟ್ಟಲು ಹಾಗೇ ಇದೆ, ಮುಚ್ಚಳದ ಅಂಚು ಸೀಳಿದೆ. "ಇದಕ್ಕೊಂದು ಮುಚ್ಚಳ ಮಾಡಿಕೊಡೋ, ಅದೇ ಕೆಲಸ ಅಲ್ವಾ ನಿಂದು" ಅಂದರು. ಒಂದು ಮುಚ್ಚಳಕ್ಕೆ ಮೌಲ್ಡ್ ಮಾಡಿಸಬೇಕು ಅತ್ತಿಗೆ, ಲಕ್ಷಗಟ್ಟಲೆ ಆಗುತ್ತದೆ ಅಂದೆ. ಶೆಡ್ಡಿನಲ್ಲಿದ್ದ ಬೇರೆ ಮುಚ್ಚಳಗಳನ್ನು ಒಂದೊಂದಾಗಿ ಹಾಕಿ ನೋಡಿದೆ, ಒಂದೂ ಕೂರಲಿಲ್ಲ. ಮೊನ್ನೆ ಅವರ ಮನೆಗೆ ಹೋದಾಗ ಆ ಬಟ್ಟಲು ಫ್ರಿಜ್ಜಿನಲ್ಲೇ ಇತ್ತು, ದೋಸೆ ಹಿಟ್ಟು ತುಂಬಿಕೊಂಡು. ಮೇಲೆ ಒಂದು ಸ್ಟೀಲ್ ತಟ್ಟೆ ಮುಚ್ಚಿದ್ದರು.